ಹೆಸರಿಲ್ಲದ ಒಡಪು ಬರೆದುಕೊಟ್ಟ ಕಾದಂಬರಿಕಾರರಿಗೆ

ಬೆಟಗೇರಿ,
ಶ್ರಾವಣದ ಒಂದು ಬಿಡುವಿನ ದಿನ

ಕಾದಂಬರಿಕಾರರ ಸಾಲಿನಲ್ಲಿ ಪರಮ ಮಾನ್ಯರೂ, ಕವಿಗಳ ಸಾಲಿನಲ್ಲಿ ವಿಚಾರಣೆ ಮುಗಿಯುವವರೆಗೆ ಅಮಾನತ್ತಿನಲ್ಲಿರುವವರೂ ಆದ ಶ್ರೀ ಅಂದಪ್ಪ ಯಳವತ್ತಿಯವರಿಗೆ, ಬೆಟಗೇರಿಯ ನೇಕಾರ ಓಣಿಯಿಂದ ಇನಾಯತ ಎಂಬ ಅಲ್ಪ ಓದುಗನು ಚಪ್ಪಲಿ ಹೊರಗೆ ಬಿಟ್ಟು, ತಲೆ ಬಾಗಿಸಿ, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕನ್ನಡಕ, ಹೆಗಲ ಮೇಲಿನ ಶಾಲು, ಕಪಾಟಿನಲ್ಲಿ ಮಡಿಚಿಟ್ಟ ಉಳಿದ ಸನ್ಮಾನದ ಶಾಲುಗಳು ಇವೆಲ್ಲವೂ ಕ್ಷೇಮವಾಗಿರಲೆಂದು ಹಾರೈಸುತ್ತೇನೆ. ಇತ್ತ ಕಡೆ ನಾವೂ ಕ್ಷೇಮವಾಗಿಯೇ ಇದ್ದೆವು, ತಮ್ಮ ಕವಿತೆ ಬರುವವರೆಗೆ.

ನನ್ನ ಪರಿಚಯ ತಮಗೆ ಬೇಡವಾದರೂ ಪತ್ರದ ಶಿಷ್ಟಾಚಾರಕ್ಕೆ ಬೇಕು. ಬಿ.ಎ. ಮುಗಿಸಿದ್ದೇನೆ. ಸದ್ಯಕ್ಕೆ ‘ಮುಂದೇನ ಮಾಡ್ತೀಪಾ?’ ಎಂದು ಕೇಳುವವರ ಕಣ್ಣು ತಪ್ಪಿಸಿ ತಿರುಗುವುದೇ ನನ್ನ ಪೂರ್ಣಾವಧಿಯ ಉದ್ಯೋಗ. ನಮ್ಮ ಅಮ್ಮ ಸಾಬೀರಾ ಪಕ್ಕದ ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ಆ ಮಗ್ಗದ ಮನೆಯ ಮಗಳು ಅಂಕಿತಾ. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದ್ದರಿಂದ ಅಂಕಿತಕ್ಕ. ಈ ಪತ್ರ ಆಕೆಯ ಪರವಾಗಿ, ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿರುವುದು. ‘ಬಯ್ಯೂದಾದ್ರ ಮರ್ಯಾದಿಲೆ ಬಯ್ಯೋ, ಅವರ ಕಾದಂಬರಿ ಓದಿ ದೊಡ್ಡಕಿ ಆಗೇನಿ ನಾ’ ಎಂಬ ಷರತ್ತು ಹಾಕಿಯೇ ಒಪ್ಪಿದ್ದಾಳೆ. ಆದ್ದರಿಂದ ಇದರಲ್ಲಿ ಕಾಣುವ ಮರ್ಯಾದೆಯೆಲ್ಲ ಆಕೆಯದು, ಉಳಿದದ್ದು ನನ್ನದು.

ಮೊದಲು ತಮ್ಮ ಕಾದಂಬರಿಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿಬಿಡುತ್ತೇನೆ, ಮುಂದೆ ಅವಕಾಶ ಸಿಗಲಿಕ್ಕಿಲ್ಲ. ತಮ್ಮ ‘ಶಿರಹಟ್ಟಿ ಕಡೆಯ ಬಸ್ಸು’ ಕಾದಂಬರಿಯನ್ನು ನಾನು ಅಮ್ಮನಿಗೆ ಓದಿ ಹೇಳಿದವನು. ಅದರಲ್ಲಿ ಕಂಡಕ್ಟರನು ತಂಗಿಯ ಬಳೆ ಒತ್ತೆಯಿಟ್ಟು ಇಸ್ಪೀಟಿಗೆ ಕೂಡುವ ಅಧ್ಯಾಯ ಬಂದಾಗ ಅಮ್ಮ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, ‘ಹಾಳಾಗಿ ಹೋಗಾಂವ, ಎದ್ದೇಳೋ ಅಲ್ಲಿಂದ!’ ಎಂದು ಪುಸ್ತಕಕ್ಕೇ ಬೈದಳು. ಮರುದಿನ ಅಡುಗೆ ಮಾಡುತ್ತ, ‘ಆ ಹುಡಿಗಿ ಬಳಿ ಬಿಡಿಸಿಕೊಂಡನೇನೋ?’ ಎಂದು ನೆರೆಮನೆಯ ಸುದ್ದಿ ಕೇಳಿದ ಹಾಗೆ ಕೇಳಿದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ತಾವು ಒಂದು ಸಾಲನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲಿ ಮಳೆ ಬಂದರೆ ನಾವು ತೊಯ್ದೆವು, ಚಹಾ ಕುದಿದರೆ ನಮಗೆ ವಾಸನೆ ಬಂತು, ಯಾರಾದರೂ ಸತ್ತರೆ ನಮ್ಮ ಮನೆಯಲ್ಲಿ ಒಲೆ ತಡವಾಗಿ ಹೊತ್ತಿತು. ಇಷ್ಟು ತಿಳಿಯಾಗಿ ಬರೆಯಬಲ್ಲ ಮನುಷ್ಯನು ಬೇಕೆಂದೇ ನೀರು ಕದಡಿದನೆಂದರೆ ಅದನ್ನು ಅರಿಯದ ತಪ್ಪು ಎನ್ನಲಾಗದು, ಅಂದಪ್ಪನವರೇ.

ತಮ್ಮ ಸಮಗ್ರ ಕಾವ್ಯ ‘ಅ-ಗೋಚರದ ಅಂಚಿನಲ್ಲಿ’ ಈಗ ನನ್ನ ಎದುರಿಗೇ ಇದೆ. ಒಳ್ಳೆಯ ಕಾಗದ. ಗಟ್ಟಿ ಹೊಲಿಗೆ. ಪ್ರತಿ ಪುಟದಲ್ಲಿ ಅಕ್ಷರಕ್ಕಿಂತ ಖಾಲಿ ಜಾಗ ಹೆಚ್ಚಿದ್ದು, ಓದುಗನಿಗೆ ಅಲ್ಲಲ್ಲಿ ಕುಳಿತು ಸುಧಾರಿಸಿಕೊಳ್ಳಲು ತಾವು ತೋರಿದ ಈ ಕಾಳಜಿಗೆ ಋಣಿಯಾಗಿದ್ದೇನೆ. ಒಂದು ಪುಟದಲ್ಲಿ ‘ಮತ್ತು’ ಎಂಬ ಒಂದೇ ಶಬ್ದವಿದೆ. ಅದರ ಹಿಂದೇನಿತ್ತು, ಮುಂದೇನು ಬರುವುದಿತ್ತು ಎಂಬುದನ್ನು ತಾವು ಯಾರಿಗೂ ತಿಳಿಸದೆ ಎದ್ದು ಹೋಗಿದ್ದೀರಿ. ನಮ್ಮ ಓಣಿಯಲ್ಲಿ ಟೆಂಪೊ ಹೊಡೆಯುವ ಮರ್ದಾನಸಾಬ ಕಾಕಾ ಬಹಳ ಉತ್ಸಾಹದಿಂದ ಪುಸ್ತಕ ಬಿಡಿಸಿ, ‘ಕಲ್ಲಿನ ಕಣ್ಣೊಳಗೆ ಕರಗುವ ಗಡಿಯಾರದ ನರ’ ಎಂಬ ಸಾಲನ್ನು ದೊಡ್ಡ ದನಿಯಲ್ಲಿ ಓದಿ, ‘ಇದು ಕಣ್ಣಿನ ಡಾಕ್ಟರಿಗೆ ತೋರಸೂದೋ, ನರದ ಡಾಕ್ಟರಿಗೆ ತೋರಸೂದೋ ತಮ್ಮಾ?’ ಎಂದು ಚಿಂತೆಯಿಂದ ಕೇಳಿದರು. ಮರ್ದಾನಸಾಬ ಕಾಕಾ ಚೇಷ್ಟೆಯ ಮನುಷ್ಯರಲ್ಲ. ಅವರಿಗೆ ನಿಜವಾಗಿಯೂ ಯಾರದೋ ಜೀವಕ್ಕೆ ತೊಂದರೆಯಾಗಿದೆ ಅನ್ನಿಸಿತ್ತು.

ಚೇಷ್ಟೆಯ ಮನುಷ್ಯ ನಾನು. ಕಳೆದ ವರ್ಷ ಮುಂಡರಗಿಯಲ್ಲಿ ತಮ್ಮ ಸನ್ಮಾನವಾದಾಗ, ತಮ್ಮ ಕವಿತೆಯೊಂದನ್ನು ವಾಚಿಸುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು, ನೆನಪಿದೆಯೇ? ವೇದಿಕೆಯ ಮೇಲೆ ತಾವು ಕಣ್ಣು ಮುಚ್ಚಿ, ಸಾಲು ಸಾಲಿಗೂ ತಲೆದೂಗಿ, ಕೊನೆಗೆ ಎದ್ದು ನಿಂತು ನನ್ನನ್ನು ಅಪ್ಪಿಕೊಂಡು, ‘ಇಷ್ಟು ಒಳಹೊಕ್ಕು ಯಾರೂ ಓದಿರಲಿಲ್ಲ’ ಎಂದಿರಿ. ಆ ದಿನ ನಾನು ಕವಿತೆಯನ್ನು ಕೆಳಗಿನ ಸಾಲಿನಿಂದ ಆರಂಭಿಸಿ ಮೇಲಿನ ಸಾಲಿಗೆ ಮುಗಿಸಿದ್ದೆ. ಹೊರಗೆ ಬಂದ ಮೇಲೆ ನನ್ನ ಗೆಳೆಯರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ. ಒಂದು ತಮಾಷೆಯಾಯಿತು, ಯಾರಿಗೂ ನಷ್ಟವಿಲ್ಲ ಎಂದುಕೊಂಡೆ. ಹೀಗೆ ತಲೆಕೆಳಗಾದರೂ ವ್ಯತ್ಯಾಸ ತಿಳಿಯದ ಮಾತು ಒಂದು ದಿನ ನನ್ನ ಓಣಿಯ ಹೆಣ್ಣುಮಗಳ ಬಾಯಲ್ಲಿ ಕುಳಿತು, ಆಕೆಯ ಸಂಸಾರದ ಬಾಗಿಲಲ್ಲಿ ಅಡ್ಡಗಾಲು ಹಾಕುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಈಗ ದೂರಿನ ಹೂರಣಕ್ಕೆ ಬರುತ್ತೇನೆ. ತಾವು ಇದೇ ಜಿಲ್ಲೆಯವರಾದರೂ ಎತ್ತರಕ್ಕೆ ಏರಿರುವುದರಿಂದ ಕೆಳಗಿನ ಸಂಗತಿ ಮರೆತಿರಬಹುದೆಂದು ವಿವರಿಸುತ್ತೇನೆ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದಾಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಕೂಡಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯಾಗಿ ಗಂಡನ ಮನೆಗೆ ಬಂದವಳನ್ನು ನಾದಿನಿಯರು ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ. ಹೆಸರು ಕೇಳಿತೋ, ಕೈ ತೆಗೆಯುತ್ತಾರೆ. ಒಡಪು ಚೆಂದವಿರಲಿ, ಒಡ್ಡೊಡ್ಡಾಗಿರಲಿ, ಒಳಗಿನ ಮುದುಕಿಯಿಂದ ಹಿಡಿದು ಅಂಗಳದ ಹುಡುಗರವರೆಗೆ ಎಲ್ಲರಿಗೂ ಹೆಸರು ಕೇಳಬೇಕು. ಜಗತ್ತಿನಲ್ಲಿ ಇಷ್ಟು ಸಣ್ಣ, ಇಷ್ಟು ಸ್ಪಷ್ಟ ಕೆಲಸವಿರುವ ಕವಿತೆ ಇನ್ನೊಂದಿಲ್ಲ.

ಅಂಕಿತಕ್ಕನಿಗೆ ಲಕ್ಷ್ಮೇಶ್ವರದ ಫಕ್ಕೀರಪ್ಪನ ಜೊತೆ ಮದುವೆ ಗೊತ್ತಾಯಿತು. ಬಜಾರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಮಾತು ಕಡಿಮೆ, ಕೈ ಚುರುಕು. ಎಲ್ಲರೂ ಹೇಳುವ ಹಳೆಯ ಒಡಪು ತನಗೆ ಬೇಡ, ತಾನು ಮೆಚ್ಚಿದ ಲೇಖಕರ ಕೈಯಿಂದಲೇ ಒಂದು ಬರೆಸಬೇಕು ಎಂಬ ಆಸೆ ಅಕ್ಕನಿಗೆ. ತಮ್ಮ ಕಾದಂಬರಿಗಳ ಮೇಲೆ ಆಕೆಗೆ ಅಷ್ಟು ನಂಬಿಕೆ. ನನ್ನನ್ನು ಜೊತೆಗೆ ಕರೆದುಕೊಂಡು ಗದಗಿನ ತಮ್ಮ ಮನೆಗೆ ಬಂದಳು. ತಾವು ಒಳಗೆ ನೋಡಿ, ‘ಏ, ಚಹಾ ಆತೇನ? ಜಲ್ದಿ ತರ್ರಿ’ ಎಂದು ನಮ್ಮೆಲ್ಲರ ಹಾಗೆಯೇ ಕೂಗಿದಿರಿ. ಆಮೇಲೆ ಅಕ್ಕ ಕವಿತೆ ಎಂಬ ಶಬ್ದ ಎತ್ತಿದಳು ನೋಡಿ, ತಮ್ಮ ಬೆನ್ನು ನೆಟ್ಟಗಾಯಿತು, ದನಿ ಗಂಟಲಿನಿಂದ ಹೊಟ್ಟೆಗೆ ಇಳಿಯಿತು.

‘ವರನ ನಾಮಧೇಯ?’ ಎಂದಿರಿ.

‘ಫಕ್ಕೀರಪ್ಪ ಅಂತರಿ’ ಎಂದಳು ಅಕ್ಕ, ನಾಚಿಕೊಂಡು.

ತಾವು ಹುಳಿ ಮಜ್ಜಿಗೆ ಕುಡಿದವರ ಹಾಗೆ ಮುಖ ಮಾಡಿ, ‘ಈ ಹೆಸರು ಕವಿತೆಯೊಳಗೆ ಕೂಡುವುದಿಲ್ಲಮ್ಮ. ಹೆಸರು ಉಚ್ಚರಿಸಿದ ಕ್ಷಣವೇ ಕವಿತೆ ಸಾಯುತ್ತದೆ. ನಾನು ಹೆಸರನ್ನು ಮೀರಿದ್ದನ್ನು ಬರೆದುಕೊಡುತ್ತೇನೆ’ ಎಂದು ಅಪ್ಪಣೆ ಕೊಡಿಸಿದಿರಿ. ‘ಸರ್, ಹೆಸರು ಹೇಳದಿದ್ರ ಬಾಗಲಾ ತಗಿಯೂದಿಲ್ಲರಿ’ ಎಂದು ನಾನು ಸಣ್ಣದಾಗಿ ಕೆಮ್ಮಿದೆ. ತಾವು ನನ್ನ ಕಡೆ ನೋಡಲಿಲ್ಲ. ಶಿರಹಟ್ಟಿಯ ಮಠದ ಸ್ವಾಮಿಗಳ ಹೆಸರು, ಈ ಭಾಗದಲ್ಲಿ ಓಣಿಗೊಬ್ಬ ಇರುವ ಹೆಸರು, ನಮ್ಮವರೂ ನಿಮ್ಮವರೂ ಒಟ್ಟಿಗೆ ತಲೆ ಬಾಗುವ ಹೆಸರು, ತಮ್ಮ ಕವಿತೆಯ ಹೊಸ್ತಿಲಿಗೆ ಮಾತ್ರ ಯೋಗ್ಯವಾಗಲಿಲ್ಲ. ‘ಫಕ್ಕೀರಪ್ಪ’ ಎಂಬ ನಾಲ್ಕು ಅಕ್ಷರದ ಭಾರಕ್ಕೇ ಮುರಿದು ಬೀಳುವಷ್ಟು ನಾಜೂಕಾದ ಕಾವ್ಯವನ್ನು ತಾವು ಇಷ್ಟು ವರ್ಷ ಹೇಗೆ ಹೊತ್ತು ತಿರುಗಿದಿರೋ, ತಮ್ಮ ಹೆಗಲಿಗೆ ಕೈ ಮುಗಿಯಬೇಕು.

ತಾವು ಅಲ್ಲೇ ಬರೆದುಕೊಟ್ಟ ಕಾಗದವನ್ನು ದಾರಿಯಲ್ಲಿ ಓದಿ, ಓಣಿಗೆ ವಾಪಸು ಬರುವಾಗ ನಾನು ಅಕ್ಕನಿಗೆ ಹೇಳಿದೆ. ‘ಅಕ್ಕಾ, ಇದು ಬ್ಯಾಡ. ತಲಿಯೊಳಗ ಏನೂ ಹೊಕ್ಕೊಳ್ಳವಲ್ದು.’ ಆಕೆ ಕಾಗದವನ್ನು ಸೆರಗಿಗೆ ಒತ್ತಿಕೊಂಡು, ‘ನಿನಗ ತಿಳಿಯೂದಿಲ್ಲ ತಗೋ. ಅಷ್ಟ ದೊಡ್ಡ ಮನಷ್ಯಾ ಬರದಾನಂದ್ರ ಒಳಗ ಏನರೆ ಇದ್ದೇ ಇರತೈತಿ’ ಎಂದಳು. ತಮ್ಮ ಕಾದಂಬರಿ ಗಳಿಸಿದ ವಿಶ್ವಾಸವನ್ನು ತಮ್ಮ ಕವಿತೆ ಹೀಗೆ ಖರ್ಚು ಮಾಡಿತು.

ಮದುವೆಯ ದಿಬ್ಬಣ ಲಕ್ಷ್ಮೇಶ್ವರದ ಮನೆಯ ಮುಂದೆ ಇಳಿದಾಗ ಮಟಮಟ ಮಧ್ಯಾಹ್ನ. ನಾದಿನಿ ಗದಿಗೆವ್ವ ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತಿದ್ದಳು. ಹಿಂದೆ ಅತ್ತೆ ಬೀರವ್ವ, ಆರತಿಯ ತಟ್ಟೆಯೊಂದಿಗೆ. ಮೊದಲು ಮದುಮಗನ ಸರದಿ. ಫಕ್ಕೀರಪ್ಪ ಬೆವರೊರೆಸಿಕೊಂಡು, ವಾರಗಟ್ಟಲೆ ಉರು ಹೊಡೆದವನ ಹಾಗೆ, ಒಂದೇ ಉಸಿರಿಗೆ ಹೇಳಿದ:

ಕರೆಂಟ ಬರಲಿ, ಕರೆಂಟ ಹೋಗಲಿ,
ಅಂಕಿತಾ ಮಾತ್ರ ನಮ್ಮ ಮನ್ಯಾಗ ಇರಲಿ.

ಇಡೀ ಅಂಗಳ ಹೋ ಎಂದಿತು. ಗದಿಗೆವ್ವ, ‘ಭಲೇ ನಮ್ಮಣ್ಣ! ಈಗ ನೀ ಹೇಳವಾ’ ಎಂದಳು. ಅಕ್ಕ ತಲೆಯೆತ್ತಿ, ತಮ್ಮ ಕೃತಿಯನ್ನು ಆರಂಭಿಸಿದಳು. ತಾವು ಮರೆತಿರಲಿಕ್ಕಿಲ್ಲ, ಆದರೂ ಬೆಟಗೇರಿ, ಗದಗ, ಶಿರಹಟ್ಟಿ, ಮುಂಡರಗಿಯ ಓದುಗರ ಹಿತಕ್ಕಾಗಿ ಇಲ್ಲಿ ಕಾಣಿಸುತ್ತೇನೆ:

ಹೊಸ್ತಿಲೇ, ನೀನೊಂದು ಅ-ಗಡಿ,
ಹೆಜ್ಜೆಯ ಗರ್ಭದಲಿ ಹೆಪ್ಪುಗಟ್ಟಿದ ಹಾದಿ.
ನಾನು ಬಂದದ್ದು ನಿನ್ನೆಡೆಗಲ್ಲ,
ನಿನ್ನ ಇಲ್ಲದಿರುವಿಕೆಯೆಡೆಗೆ.
ನಾಮ ಅಳಿದಲ್ಲಿ ನೆರಳು ಬಿತ್ತು.
ಬಿದ್ದ ನೆರಳಿಗೆ ಯಾರು ವಾರಸುದಾರ?

ಕವಿತೆಯ ಬಹುಮುಖಿ ಸಾಧ್ಯತೆಗಳ ಬಗ್ಗೆ ತಾವು ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ್ದೀರಿ. ಆ ಸಾಧ್ಯತೆಗಳು ಆ ದಿನ ಒಂದೇ ಅಂಗಳದಲ್ಲಿ ಕಣ್ಣಿಗೆ ಬಿದ್ದವು. ಬೆಳ್ಳಟ್ಟಿಯಿಂದ ಬಂದ ಅತ್ತೆಯೊಬ್ಬರು ಎರಡನೆಯ ಸಾಲಿಗೇ ಪಕ್ಕದವಳ ತೊಡೆ ಚಿವುಟಿ, ‘ಗರ್ಭ ಅಂದ್ಳಲ್ಲ? ಮದವಿ ದಿನಾನ?’ ಎಂದು ಪಿಸುಗುಟ್ಟಿದರು. ಕಟ್ಟೆಯ ಮೇಲಿದ್ದ ಹಿರಿಯ ಕಾಕಾ ಒಬ್ಬರು ಕೊನೆಯ ಸಾಲು ಕೇಳಿ ದಿಢೀರನೆ ಎದ್ದು, ‘ವಾರಸುದಾರ, ವಾಟಣಿ, ಪಾಲು ಅಂತ ಹೊಲದ ಮಾತ ಈಗ ಯಾಕ ಬಂತಪಾ? ಹುಡಿಗಿ ಕಡಿಯವರು ಏನರೆ ಕೇಳಾಕತ್ತಾರೇನ?’ ಎಂದರು. ಮರ್ದಾನಸಾಬ ಕಾಕಾ ಟೆಂಪೊದಿಂದ ತಲೆ ಹೊರಹಾಕಿ, ‘ಹೆಸರ ಎಲ್ಲೆ ಬಂತು? ನನಗಷ್ಟ ಕೇಳಲಿಲ್ಲೋ, ಯಾರಿಗೂ ಕೇಳಲಿಲ್ಲೋ?’ ಎಂದು ಕೇಳಿದರು.

ಬೀರವ್ವ ಆರತಿಯ ತಟ್ಟೆಯನ್ನು ಕೆಳಗಿಟ್ಟಳು. ‘ನಿನ್ನ ಇಲ್ಲದಿರುವಿಕೆ ಅಂದ್ರ ಏನು? ನನ್ನ ಮಗ ಇಲ್ಲದಂಗಾಗ್ಲಿ ಅಂದ್ಳೇನು, ಹೊಸ್ತಿಲದಾಗ ನಿಂತು?’ ಎಂದಳು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ ಎಂದರೆ ತಮಗೆ ಪರಿಸ್ಥಿತಿಯ ಅಂದಾಜಾಗಬಹುದು. ಅಕ್ಕ ಗಾಬರಿಯಾಗಿ ಬರಿಬಾಯಲ್ಲೇ ಹೆಸರು ಹೇಳಲು ತುಟಿ ತೆರೆದಳು. ಗದಿಗೆವ್ವ ಕೈ ತೆಗೆದು, ‘ಬಿಡವಾ, ಈಗ ಬ್ಯಾಡ. ಅನಿಸಿಕೊಂಡ ಮ್ಯಾಲ ಹೇಳಿದ ಹೆಸರು ಏನ ಹೆಸರು’ ಎಂದಳು. ಮುಹೂರ್ತ ಮೀರುತ್ತದೆಂದು ಹಿರಿಯರು ಅವಸರ ಮಾಡಿ ಒಳಗೆ ಕರೆದುಕೊಂಡರು. ಹೀಗೆ ಅಂಕಿತಕ್ಕ ಗಂಡನ ಹೆಸರು ಹೇಳದೆ ಗಂಡನ ಮನೆ ಹೊಕ್ಕಳು. ಆ ಸಂಜೆ ಬೀರವ್ವ ಮಗನಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ ಘಾಟಿಗೆ ನೆಂಟರೆಲ್ಲ ಕೆಮ್ಮಿದರು. ತಮ್ಮ ಕಾವ್ಯಕ್ಕೆ ಜನರಿಂದ ಬಂದ ಮೊದಲ ಪ್ರತಿಕ್ರಿಯೆ ಅದೇ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅತ್ತೆಯ ಸಿಟ್ಟು ಅತ್ತೆಯ ಸಿಟ್ಟಿನ ಹಾಗೆ ಏರಿ ಇಳಿಯುತ್ತಿತ್ತು. ಆದರೆ ಅಕ್ಕ ಒಂದು ದಿನ ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳಿದಳು. ‘ನಮ್ಮ ಮನಿಯವರು ಏನೂ ಬೈಲಿಲ್ಲೋ ಇನಾಯತ. ಒಂದ ಮಾತ ಕೇಳಿದ್ರು. ನನ್ನ ಹೆಸರು ಹೇಳಾಕ ನಿನಗ ನಾಚಿಕಿ ಬರತೈತೇನ, ಹಳೇ ಕಾಲದ್ದಂತ? ಅಂದ್ರು. ಇಲ್ಲರಿ ಅಂದೆ. ನಂಬಿದಂಗ ಕಾಣಲಿಲ್ಲ.’ ಶಾಲೆಯಲ್ಲಿ ಈ ಹೆಸರಿಗಾಗಿ ಗೇಲಿ ಮಾಡಿಸಿಕೊಂಡ ಮನುಷ್ಯನಂತೆ ಆತ. ಕಾದಂಬರಿ ಓದುವ ಹೆಂಡತಿಯೂ ಅದೇ ಹೆಸರಿಗೆ ಮುಖ ತಿರುಗಿಸಿದಳೆಂದು ಅವನ ಎದೆಯಲ್ಲಿ ಕುಳಿತುಬಿಟ್ಟಿತು. ಅಂದಪ್ಪನವರೇ, ಮುಖ ತಿರುಗಿಸಿದ್ದು ಆಕೆಯಲ್ಲ. ತಾವು. ಶಿಕ್ಷೆ ಮಾತ್ರ ಆಕೆಗೆ. ಇಬ್ಬರೂ ಒಂದೇ ಮನೆಯಲ್ಲಿ ‘ಹಾಂ’, ‘ಹೂಂ’, ‘ಊಟ ಆತು’ ಎಂಬ ಮಾತುಗಳಲ್ಲೇ ದಿನ ದೂಡತೊಡಗಿದರು. ತಮ್ಮ ಕಾವ್ಯದಲ್ಲಿ ಎಲ್ಲೆಲ್ಲೂ ಕೊಂಡಾಡುವ ‘ನುಡಿಯಾಚೆಯ ನೆಲೆ’ ಎಂದರೆ ಹೀಗಿರುತ್ತದೆ. ಅಲ್ಲಿ ಯಾರೂ ಸುಖವಾಗಿರುವುದಿಲ್ಲ.

ಸಂಧಾನಕ್ಕೆಂದು ನಾನು ತಮ್ಮಲ್ಲಿಗೆ ಇನ್ನೊಮ್ಮೆ ಬಂದೆ. ಸರ್, ನೀವು ಬರೆದದ್ದರ ಅರ್ಥ ಇಷ್ಟೇ ಎಂದು ಎರಡು ಮಾತು ಹೇಳಿ, ನಾನು ಹೋಗಿ ಬೀರವ್ವಗೆ ಮುಟ್ಟಿಸುತ್ತೇನೆ ಎಂದೆ. ತಾವು ಕಣ್ಣು ಮುಚ್ಚಿ, ‘ಇಲ್ಲಿ ಇಲ್ಲದಿರುವಿಕೆ ಎಂದರೆ ಇರುವಿಕೆಯ ತುತ್ತತುದಿ’ ಎಂದಿರಿ. ನಾನು ಅದನ್ನು ಕೈಯಲ್ಲಿ ತುಂಬಿದ ಬಟ್ಟಲು ಹಿಡಿದವನ ಹಾಗೆ ಚೆಲ್ಲದೆ ಲಕ್ಷ್ಮೇಶ್ವರಕ್ಕೆ ಒಯ್ದು ಬೀರವ್ವನ ಮುಂದಿಟ್ಟೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಇರೂದರ ತುದಿ ಅಂದ್ರ ಸಾಯೂದ ಅಲ್ಲೇನೋ ತಮ್ಮಾ?’ ಎಂದಳು. ತರ್ಕದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಮರಳಿ ಬಂದು ತಮಗೆ ತಿಳಿಸಿದಾಗ ತಾವು, ‘ಓದುಗರು ಬೆಳೆಯಬೇಕಪ್ಪ’ ಎಂದು ನಿಟ್ಟುಸಿರು ಬಿಟ್ಟಿರಿ. ಬೀರವ್ವನಿಗೆ ಅರವತ್ತು ದಾಟಿದೆ ಸ್ವಾಮಿ. ಇನ್ನೆಷ್ಟು ಬೆಳೆಯಬೇಕು?

ತಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಪತ್ರ ಏಕಪಕ್ಷೀಯವಾಗುತ್ತದೆ. ಕವಿತೆ ಕಷ್ಟವಾಗಿರಬಾರದು ಎಂಬ ಹಟ ನನಗಿಲ್ಲ. ಕೆಲವು ಪದ್ಯಗಳ ಮುಂದೆ ನಾನು ಬಾಗಿಲು ಬಡಿಯುತ್ತ ವಾರಗಟ್ಟಲೆ ನಿಂತಿದ್ದೇನೆ. ಒಂದು ದಿನ ತೆರೆದಾಗ ಒಳಗೆ ಒಂದು ಕೋಣೆ ಇತ್ತು, ಕೋಣೆಯಲ್ಲಿ ಯಾರೋ ಕುಳಿತಿದ್ದರು. ಹೇಳುವ ಸಂಗತಿಯೇ ಆಳದಲ್ಲಿದ್ದರೆ ನಾವೂ ಹಗ್ಗ ಹಿಡಿದು ಇಳಿಯುತ್ತೇವೆ, ಬೇಸರವಿಲ್ಲ. ತಾವು ಮಾಡಿದ್ದು ಬೇರೆ. ತಾವು ಬರಿಯ ಗೋಡೆಗೆ ಬೀಗ ಹಾಕಿ, ಕೀಲಿಕೈ ಕೇಳಿದವರನ್ನು ದಡ್ಡರೆಂದಿರಿ. ಸ್ಪಷ್ಟವಾಗಿ ಬರೆಯುವುದು ಸಸಾರದ ಕೆಲಸವಲ್ಲವೆಂದು ತಮಗೆ ನಮಗಿಂತ ಚೆನ್ನಾಗಿ ಗೊತ್ತು, ಆ ಕಂಡಕ್ಟರನ ಅಧ್ಯಾಯವನ್ನು ತಾವು ಒಂದೇ ಸಲಕ್ಕೆ ಕುಳಿತು ಬರೆದಿರಲಾರಿರಿ. ಸ್ಪಷ್ಟ ಮಾತಿನಲ್ಲಿ ಬರಹಗಾರನು ಸಿಕ್ಕಿಬೀಳುತ್ತಾನೆ. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಅದು ಎಲ್ಲರಿಗೂ ಕಾಣುತ್ತದೆ. ಕಾದಂಬರಿಯಲ್ಲಿ ತಾವು ಆ ಧೈರ್ಯ ತೋರಿದಿರಿ. ಕವಿತೆಗೆ ಬಂದಾಗ ಶಾಲು ಹೊದ್ದು ಕತ್ತಲೆಯಲ್ಲಿ ಕುಳಿತಿರಿ.

ಈಗ, ಗಾಯ ಸ್ವಲ್ಪ ಒಣಗುತ್ತಿದೆ ಎನ್ನುವ ಹೊತ್ತಿಗೆ, ತಮ್ಮ ಸಮಗ್ರ ಕಾವ್ಯ ಹೊರಬಂದಿದೆ. ಕೊನೆಯ ಪುಟದಲ್ಲಿ ಅದೇ ಕವಿತೆ. ‘ಹೊಸ್ತಿಲು: ಒಂದು ಅ-ನಾಮ ಗೀತೆ’ ಎಂಬ ಶೀರ್ಷಿಕೆ. ಕೆಳಗೆ, ‘ಬೆಟಗೇರಿಯ ಓರ್ವ ವಧು ತನ್ನ ಗೃಹಪ್ರವೇಶದಲ್ಲಿ ಇದನ್ನು ಹಾಡಿ, ಶತಮಾನಗಳ ರೂಢಿಯನ್ನು ಮುರಿದಳು’ ಎಂಬ ಟಿಪ್ಪಣಿ. ಸಾಲದ್ದಕ್ಕೆ, ಬರುವ ಭಾನುವಾರ ಗದಗಿನಲ್ಲಿ ಪುಸ್ತಕ ಬಿಡುಗಡೆ, ಅಂದು ಆ ವಧುವಿನಿಂದಲೇ ಕವಿತಾ ವಾಚನ ಎಂದು ಆಮಂತ್ರಣ ಪತ್ರಿಕೆ ಅಚ್ಚಾಗಿ, ಅದು ನೇರ ಬೀರವ್ವನ ಮನೆಗೆ ತಲುಪಿದೆ. ಅಂಕಿತಕ್ಕನನ್ನು ಒಂದು ಮಾತು ಕೇಳದೆ! ಒಮ್ಮೆ ಆಕೆಯ ಬಾಯಿಂದ ಆಡಿಸಿದ್ದನ್ನು ಮೈಕಿನಲ್ಲಿ ಇನ್ನೊಮ್ಮೆ ಆಡಿಸುವ ತಮ್ಮ ದೊಡ್ಡ ಮನಸ್ಸನ್ನು ಏನೆಂದು ಹೊಗಳಲಿ? ಹಾಂ, ಆ ಪತ್ರಿಕೆಯಲ್ಲಿ ಸ್ಥಳ, ವೇಳೆ ಎಲ್ಲ ಎಷ್ಟು ತಿಳಿಯಾಗಿ ಬರೆದಿದ್ದೀರಿ! ತಮ್ಮ ಇಡೀ ಕಾವ್ಯ ಪ್ರಪಂಚದಲ್ಲಿ ನನಗೆ ಒಂದೇ ಸಲಕ್ಕೆ ಅರ್ಥವಾದ ಸಾಲು ಅಲ್ಲಿಯೇ ಇದೆ: ‘ಉಪಾಹಾರದ ವ್ಯವಸ್ಥೆ ಇರುತ್ತದೆ.’

ಹೀಗಿರುವುದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳಿವೆ. ಗದಗಿನ ಬಸ್ ನಿಲ್ದಾಣದ ಬೋರ್ಡುಗಳನ್ನು ತಾವೇ ಬರೆದುಕೊಡಬೇಕು. ಮುಂಡರಗಿಯ ಬಸ್ಸಿಗೆ ‘ಮುಂಡರಗಿಯೆಡೆಗಲ್ಲ, ಮುಂಡರಗಿಯ ಇಲ್ಲದಿರುವಿಕೆಯೆಡೆಗೆ’ ಎಂದು ಬರೆಯಿಸಿ, ಸಂತೆಗೆ ಕಾಯಿಪಲ್ಲೆ ಒಯ್ಯುವ ಹೆಂಗಸರ ನಡುವೆ ತಾವು ಅರ್ಧ ತಾಸು ನಿಂತು ಬೆಳೆಯುತ್ತಿರುವ ಓದುಗರನ್ನು ಕಣ್ಣಾರೆ ನೋಡಬೇಕು. ಭಾನುವಾರದ ಉಪಾಹಾರದ ಅಡುಗೆಯ ಆಚಾರಿಗೆ ಉಪ್ಪಿಟ್ಟಿನ ಸಾಮಾನು ಬರೆದುಕೊಡುವಾಗ ‘ರವೆಯ ಗರ್ಭದಲಿ ಉಪ್ಪಿನ ನೆನಪು’ ಎಂದಷ್ಟೇ ಬರೆದು, ಅವನು ಮಾಡಿ ಬಡಿಸಿದ್ದನ್ನು ಮುಖ್ಯ ಅತಿಥಿಗಳೊಂದಿಗೆ ತಾವೂ ಸೇವಿಸಬೇಕು. ಇವೆಲ್ಲ ಆಗದಿದ್ದರೆ, ಒಮ್ಮೆ ಮಾತ್ರ, ಉರಿಬಿಸಿಲಿನಲ್ಲಿ ಲಕ್ಷ್ಮೇಶ್ವರದ ಆ ಹೊಸ್ತಿಲ ಹೊರಗೆ ತಾವು ನಿಲ್ಲಬೇಕು. ಗದಿಗೆವ್ವ ಕೈ ಅಡ್ಡ ಹಿಡಿಯುತ್ತಾಳೆ. ತಾವು ತಮ್ಮ ಸಮಗ್ರ ಕಾವ್ಯದಿಂದ ಯಾವುದೇ ಪುಟ ಓದಬಹುದು. ಒಳಗಿರುವವರಲ್ಲಿ ಒಬ್ಬರಿಗಾದರೂ ತಾವು ಯಾರ ಮನೆಗೆ ಬಂದಿದ್ದೀರಿ ಎಂದು ತಿಳಿದ ಕೂಡಲೇ ಊಟಕ್ಕೆ ಎಲೆ ಹಾಕುತ್ತಾರೆ. ಸಂಜೆಯ ಹೊತ್ತಿಗೆ ತಾವು ಬಹಳ ಒಳ್ಳೆಯ ಕವಿಯಾಗಿರುತ್ತೀರಿ.

ಭಾನುವಾರದ ವಾಚನದ ವ್ಯವಸ್ಥೆಯ ಬಗ್ಗೆ ತಮಗೆ ಆತಂಕವಿರಬಹುದಾದ್ದರಿಂದ, ಮೊನ್ನೆ ನಡೆದದ್ದನ್ನು ತಿಳಿಸಿ ಮುಗಿಸುತ್ತೇನೆ. ಆಮಂತ್ರಣ ಪತ್ರಿಕೆ ಬಂದ ದಿನ ನಾನು ಲಕ್ಷ್ಮೇಶ್ವರದಲ್ಲೇ ಇದ್ದೆ. ಫಕ್ಕೀರಪ್ಪನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಸಂಧಾನದ ಮಾತು ಎಲ್ಲಿಂದ ತೆಗೆಯಲಿ ಎಂದು ತಿಳಿಯದೆ ಅವನು ತರಿಸಿದ ಚಹಾ ಕುಡಿಯುತ್ತಿದ್ದೆ. ಬೀರವ್ವ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ಸೊಸೆಯನ್ನು ಹಿಂದೆ ಕರೆದುಕೊಂಡು ಬಜಾರಕ್ಕೇ ಬಂದಳು. ‘ಏನ ಬರದಾರ ಓದಪಾ ಇದನ್ನ’ ಎಂದು ಮಗನ ಮುಂದೆ ಹಾಕಿದಳು. ಆತ ಓದಿದ. ಮುಖದಲ್ಲಿ ಏನೂ ಕಾಣಲಿಲ್ಲ. ‘ದೊಡ್ಡವರು ಕರದಾರ. ಹೋಗಿ ಓದಿ ಬಾ’ ಎಂದು ಹೇಳಿ, ಮತ್ತೆ ತಾಮ್ರದ ತಂತಿಯ ಕಡೆ ತಲೆ ತಗ್ಗಿಸಿದ.

ಅಕ್ಕ ಅಂಗಡಿಯ ಕೆಳಗಿನ ಮೆಟ್ಟಿಲ ಹತ್ತಿರ ನಿಂತಿದ್ದಳು. ಕಾಗದವಿರಲಿಲ್ಲ, ಪ್ರಾಸವಿರಲಿಲ್ಲ.

‘ಫಕ್ಕೀರಪ್ಪಾ’ ಎಂದಳು.

ತಂತಿ ಸುತ್ತುವ ಕೈ ನಿಂತಿತು. ಬಜಾರದಲ್ಲಿ ಹೆಂಡತಿಯೊಬ್ಬಳು ಗಂಡನ ಹೆಸರನ್ನು ಹೀಗೆ ಬಿಚ್ಚುಬಾಯಲ್ಲಿ ಕರೆದದ್ದು ಯಾರೂ ಕೇಳಿರಲಿಲ್ಲ. ಆಕೆ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ‘ಫಕ್ಕೀರಪ್ಪಾ, ನಾ ಎಲ್ಲಿಗೂ ಹೋಗೂದಿಲ್ಲ. ನನಗ ನಿನ್ನ ಹೆಸರು ಛಲೋ ಅನಸ್ತೈತಿ. ಮಧ್ಯಾಹ್ನ ಊಟಕ್ಕ ಮನಿಗೆ ಬಾ.’

ಬೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ‘ಅಯ್ಯ ಇಕಿನ! ಹೆಸರ ಹಿಡದು ಕೂಗತಾಳಲ್ಲ ನಡು ಬಜಾರದಾಗ!’ ಎಂದಳು. ಸುತ್ತಲಿನ ಅಂಗಡಿಗಳ ಕಡೆ ಒಮ್ಮೆ ನೋಡಿದಳು. ಎದುರಿನ ಸೈಕಲ್ ಅಂಗಡಿಯ ಮಹಬೂಬಸಾಬರು ಏನಾಯಿತೆಂದು ತಿಳಿಯದೆ ಕಿವಿಯ ಹಿಂದೆ ಕೈ ಹಿಡಿದಿದ್ದರು. ಬೀರವ್ವ ಸೆರಗಿನ ಹಿಂದಿನಿಂದಲೇ ಸೊಸೆಗೆ, ‘ಇನ್ನೊಮ್ಮಿ ಅನ್ನು. ಆ ಮಹಬೂಬಸಾಬಗ ಕೇಳಿಲ್ಲ’ ಎಂದಳು.

ಅಕ್ಕ ಇನ್ನೊಮ್ಮೆ ಕೂಗಿದಳು. ಮಹಬೂಬಸಾಬರಿಗೂ ಕೇಳಿಸಿತು. ಫಕ್ಕೀರಪ್ಪ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟು, ಕಿವಿಯವರೆಗೂ ಕೆಂಪಾಗಿ, ಮೊದಲ ಸಲ ಹೆಂಡತಿಯ ಮುಖ ನೋಡಿ ಕೇಳಿದ: ‘ಏನ ಮಾಡೀ ಅಡಿಗಿ?’

ಆದಕಾರಣ ಅಂಕಿತಕ್ಕ ಭಾನುವಾರ ತಮ್ಮ ವೇದಿಕೆಗೆ ಬರುವುದಿಲ್ಲ. ಆಕೆಯ ಕವಿತೆ ಪ್ರಕಟವಾಗಿ ಹೋಗಿದೆ, ಅರ್ಥವಾಗದವರು ಇಡೀ ಬಜಾರದಲ್ಲಿ ಒಬ್ಬರೂ ಇಲ್ಲ.

ಇಂತು,
ತಮ್ಮ ಕಾದಂಬರಿಗಳ ಅಚಲ ವಿಶ್ವಾಸಿಯೂ ತಮ್ಮ ಕಾವ್ಯದ ಕೈಮುಗಿದ ವಿರೋಧಿಯೂ ಆದ
ಇನಾಯತ

ತಾ.ಕ.: ಈ ಪತ್ರದಲ್ಲಿ ಯಾವುದಾದರೂ ಸಾಲು ತಮಗೆ ಅರ್ಥವಾಗದಿದ್ದರೆ ತಪ್ಪು ಸಂಪೂರ್ಣ ನನ್ನದು. ಸಂಕೋಚ ಬಿಟ್ಟು ನಮ್ಮ ಓಣಿಗೆ ಬನ್ನಿ, ಕೂರಿಸಿ, ಚಹಾ ಕೊಟ್ಟು, ತಿಳಿಯುವವರೆಗೆ ಹೇಳುತ್ತೇನೆ. ಬರೆದವನ ಕೆಲಸ ಅದೇ ಎಂದು ನಮ್ಮಂಥ ಬೆಳೆಯದವರು ಇನ್ನೂ ನಂಬಿಕೊಂಡಿದ್ದೇವೆ.